ಕಾರಿಡಾರಿನ ಶಾಖ

ಥರ್ಮಾಮೀಟರು ಹದಿಮೂರೂವರೆ ತೋರಿಸುತ್ತಿತ್ತು. ಸುಗುಣಾ ಅದನ್ನು ಬೆರಳಿನಿಂದ ತಟ್ಟಿದಳು. ತಟ್ಟಿದರೆ ಏರುವ ವಸ್ತು ಅದಲ್ಲವೆಂದು ಕುಂದಾಪುರದಲ್ಲಿ ಬಿ.ಎಸ್ಸಿ. ಓದಿದವಳಿಗೆ ಗೊತ್ತಿತ್ತು. ಆದರೂ ತಟ್ಟಿದಳು.

ಅಡುಗೆಕಟ್ಟೆಯ ಮೇಲೆ ಮೂರು ಪಾತ್ರೆ ಇಡ್ಲಿ ಹಿಟ್ಟು. ಹಿಂದಿನ ದಿನ ಬೆಳಿಗ್ಗೆ ರುಬ್ಬಿಟ್ಟದ್ದು. ಇಪ್ಪತ್ತಾರು ಗಂಟೆ ಕಳೆದಿತ್ತು. ಅಂಚಿನಿಂದ ನಾಲ್ಕು ಬೆರಳು ಕೆಳಗಿದ್ದ ಹಿಟ್ಟು ಈಗಲೂ ನಾಲ್ಕು ಬೆರಳು ಕೆಳಗೇ ಇತ್ತು. ಗುಳ್ಳೆಯಿಲ್ಲ. ಹುಳಿ ವಾಸನೆಯಿಲ್ಲ. ಕಲಸಿಟ್ಟ ಗಾರೆಯ ಹಾಗೆ ತಣ್ಣಗೆ ಮಲಗಿತ್ತು.

ಅಷ್ಟು ಹಿಟ್ಟು ಅವಳ ಮನೆಯವರು ತಿನ್ನಲಿಕ್ಕಲ್ಲ, ಮಾರಲಿಕ್ಕೆ. ಲಂಡನ್ನಿನ ಕೊಲಿಂಡೇಲಿನ ಇಪ್ಪತ್ತೆರಡು ಮನೆಗಳಿಗೆ ಶನಿವಾರ ಸುಗುಣಾಳ ಹಿಟ್ಟು ಹೋಗಬೇಕು. ಗಂಡ ಗಣಪಯ್ಯ ಟೂಟಿಂಗಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಅವನ ಸಂಬಳ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತಿತ್ತು. ಮನೆ ಬೆಚ್ಚಗಿಡುವ ಖರ್ಚು ಸುಗುಣಾಳ ಹಿಟ್ಟಿನದು. ಹಿಟ್ಟು ಉಬ್ಬಿದರೆ ದುಡ್ಡು. ದುಡ್ಡಿದ್ದರೆ ಶಾಖ. ಶಾಖವಿದ್ದರೆ ಹಿಟ್ಟು ಉಬ್ಬುತ್ತದೆ. ಡಿಸೆಂಬರಿನಲ್ಲಿ ಒಂದು ವಾರ ಜ್ವರ ಬಂದು ಅವಳು ರುಬ್ಬಲಿಲ್ಲ. ಆ ಒಂದು ವಾರಕ್ಕೆ ಚಕ್ರದ ಒಂದು ಹಲ್ಲು ಮುರಿಯಿತು. ಅಂದಿನಿಂದ ಚಕ್ರ ತಿರುಗಲಿಲ್ಲ.

ಕಟ್ಟಡಕ್ಕೆ ಮೂರೇ ವರ್ಷ. ಹನ್ನೊಂದು ಮಹಡಿ, ಗಾಜಿನ ಬಾಗಿಲು, ಕೆಳಗೆ ಹೂವಿನ ಕುಂಡ. ಮನೆ ತೋರಿಸಲು ಬಂದ ಏಜೆಂಟು ಗೋಡೆ ತಟ್ಟಿ ಹೇಳಿದ್ದ: "ಹಳೇ ಮನೆಗಳ ಹಾಗಲ್ಲ. ಹೊಸದು. ನಿಮಗೆ ಹೀಟಿಂಗ್ ಖರ್ಚೇ ಬರುವುದಿಲ್ಲ." ಬಾಯ್ಲರು ಯಾವ ಮನೆಯಲ್ಲೂ ಇರಲಿಲ್ಲ. ನೆಲಮಾಳಿಗೆಯಲ್ಲಿ ದೊಡ್ಡದೊಂದು ಇತ್ತು. ಅಲ್ಲಿ ಕಾಯ್ದ ನೀರು ಕೊಳವೆಗಳಲ್ಲಿ ಹನ್ನೊಂದು ಮಹಡಿ ಹತ್ತಿ, ಕಾರಿಡಾರಿನ ಚಾವಣಿಯೊಳಗೆ ಹರಿದು, ಒಂದೊಂದು ಮನೆಯ ಬಿಳಿ ಪೆಟ್ಟಿಗೆಗೆ ಬಂದು ಸೇರುತ್ತಿತ್ತು. ಆ ಪೆಟ್ಟಿಗೆಗೊಂದು ಮೀಟರು. ನೀರು ಮಾರುವ ಕಂಪನಿ ಒಂದೇ. ದರ ಹೆಚ್ಚಾಯಿತೆಂದು ಇನ್ನೊಂದು ಕಂಪನಿಗೆ ಹೋಗುವ ಹಾಗಿಲ್ಲ. ಕೊಳವೆ ಅವರದು, ಬೀಗ ಅವರದು. ದುಡ್ಡು ಮೊದಲೇ ಫೋನಿನಲ್ಲಿ ಹಾಕಬೇಕು. ಮುಗಿದರೆ ಬಾಗಿಲ ಪಕ್ಕದ ಪುಟ್ಟ ಪರದೆಯಲ್ಲಿ ಕೆಂಪು ಸೊನ್ನೆ ಬರುತ್ತದೆ, ಒಳಗೆ ಎಲ್ಲೋ 'ಟಕ್' ಎನ್ನುತ್ತದೆ, ಶಾಖವೂ ಬಿಸಿನೀರೂ ನಿಲ್ಲುತ್ತವೆ. ನಿಂತ ಮೇಲೂ ದಿನದ ಬಾಡಿಗೆ ಎಂದು ಒಂದು ಪೌಂಡಿಗಿಂತ ತುಸು ಹೆಚ್ಚೇ ಕಡಿತವಾಗುತ್ತಲೇ ಇರುತ್ತದೆ. ಹತ್ತು ದಿನ ಬಿಟ್ಟು ಹತ್ತು ಪೌಂಡು ಹಾಕಿದರೆ ಅದು ಹಳೆಯ ದಿನಗಳಿಗೇ ಸಂದು, ಪರದೆ ಮತ್ತೆ ಸೊನ್ನೆ ತೋರಿಸುತ್ತದೆ. ಕರೆಂಟಿನ ಹೀಟರು ಹಚ್ಚೋಣವೆಂದರೆ ಅದರ ಮೀಟರು ಇನ್ನೂ ಜೋರಾಗಿ ಓಡುತ್ತಿತ್ತು.

ಮಗಳು ಸೃಷ್ಟಿಗೆ ಹತ್ತು ವರ್ಷ. ಸಂಜೆ ಶಾಲೆಯಿಂದ ಬಂದವಳು ಕೋಟು ಬಿಚ್ಚದೆ ಚೀಲ ಹೆಗಲಿಗೇರಿಸಿದಳು.

"ಮತ್ತೆ ಎಲ್ಲಿಗೆ?"

"ಲೈಬ್ರರಿ. ಇಟ್ಸ್ ವಾರ್ಮರ್ ದೇರ್, ಅಮ್ಮ. ಮೈತ್ರೇಯಿ ಆಂಟಿಯ ಅಂಕಲ್ ಕೂಡ ಇರ್ತಾರೆ. ಎವ್ರಿ ಡೇ."

ಸುಗುಣಾಳ ಕಿವಿ ನೆಟ್ಟಗಾಯಿತು. ಮೈತ್ರೇಯಿಯ ಗಂಡ ಶಿವಪ್ರಕಾಶ ಬೆಂಗಳೂರಿನವನು, ಕಂಪ್ಯೂಟರ್ ಕೆಲಸ. ಮನೆಯಲ್ಲೇ ಕೂತು ಸಂಬಳ ಎಣಿಸುವವನಿಗೆ ಲೈಬ್ರರಿ ಬೇರೆ! ಮನೆಯ ಸುಖ ಬೇಸರವಾದಾಗ ಜಾಗ ಬದಲಾಯಿಸುವುದು ಉಳ್ಳವರ ಚಟ, ಎಂದುಕೊಂಡಳು.

ಆ ದಂಪತಿಗಳದು ಎದುರು ಮನೆ. ಕಾರಿಡಾರಿನ ಈಚೆಗೆ ಸುಗುಣಾಳ ಬಾಗಿಲು, ಆಚೆಗೆ ಮೈತ್ರೇಯಿಯ ಬಾಗಿಲು. ನಡುವೆ ಆರು ಅಡಿ ಬೂದುಬಣ್ಣದ ಕಾರ್ಪೆಟ್ಟು. ಇವರದು ಬಾಡಿಗೆ, ಅವರದು ಸ್ವಂತ. ಅಷ್ಟಿದ್ದೂ ನವೆಂಬರಿನಲ್ಲಿ ಮೈತ್ರೇಯಿ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಹಾಕಿದಳು. ಸ್ಟೀಲ್ ಪಾತ್ರೆಯ ಅಂಚು ಮುಟ್ಟಿ, ಗುಮ್ಮಟದ ಹಾಗೆ ಎದ್ದು ನಿಂತ ಹಿಟ್ಟು. ಕೆಳಗೆ ಬರೆದಿದ್ದಳು: 'ಮನೆಯಲ್ಲೇ ಮಾಡಿದ ಇಡ್ಲಿ ಹಿಟ್ಟು. ಬೇಕಾದವರು ತಿಳಿಸಿ.'

ಸುಗುಣಾ ಆ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದಳು. ಸೋಡಾಪುಡಿಯ ಗುಳ್ಳೆಗಳಲ್ಲ. ನಿಜವಾದ ಹುದುಗು. ಒಳ್ಳೆಯ ಶಾಖದಲ್ಲಿ, ಹತ್ತು ಹನ್ನೆರಡು ಗಂಟೆ, ನೆಮ್ಮದಿಯಾಗಿ ಉಬ್ಬಿದ ಹಿಟ್ಟು.

ಲಿಫ್ಟಿನ ಮುಂದೆ ಅಂಕಿತಾ ಸಿಕ್ಕಿದಳು. ಇವರದೇ ಐದನೆಯ ಮಹಡಿಯ ಕೊನೆಯ ಮನೆಯವಳು, ಮೈಸೂರಿನ ಹುಡುಗಿ, ಮೊನ್ನೆ ಮೊನ್ನೆ ಮದುವೆಯಾದವಳು.

"ಸುಗುಣಕ್ಕಾ, ಈ ವಾರ ನಂಗೆ ಹಿಟ್ಟು ಬೇಡ."

"ಯಾಕೆ, ಊರಿಗೆ ಹೊರಟ್ಯಾ?"

"ಊರಿಗಲ್ಲ... ಬೇಜಾರ್ ಮಾಡ್ಕೋಬೇಡಿ. ಹೋದ್ಸಲದ ಇಡ್ಲಿ ತಿಂದು ನಮ್ಮ ಯಶಸ್ ಹೇಳ್ತಾರೆ, ಇದನ್ನ ಗೋಡೆಗೆ ಹೊಡೆದ್ರೆ ವಾಪಸ್ ಕೈಗೆ ಬರುತ್ತೆ, ಕ್ರಿಕೆಟ್ ಆಡಬಹುದು ಅಂತ."

"ಓಹೋ. ಹಾಗಾದ್ರೆ ಈಗ ಯಾರದ್ದು ತಗೊಳ್ತೀ?"

ಅಂಕಿತಾ ಲಿಫ್ಟಿನ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು. "ಮೈತ್ರೇಯಿ ಅವ್ರದ್ದು. ಹತ್ತಿ ಥರ ಇರುತ್ತಕ್ಕಾ."

ಹತ್ತಿ! ಸುಗುಣಾ ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಅವಳ ಅಮ್ಮ ಮದುವೆ ಮನೆಗಳಿಗೆ ಹಿಟ್ಟು ರುಬ್ಬಿಕೊಟ್ಟವಳು. ಉದ್ದು ಎಷ್ಟು ನೆನೆಯಬೇಕು, ನೀರು ಯಾವಾಗ ಚಿಮುಕಿಸಬೇಕು ಎಂಬುದು ಸುಗುಣಾಳ ಕೈಗೆ ಹುಟ್ಟಿನಿಂದ ಬಂದದ್ದು. ಎದುರು ಮನೆಯವಳಿಗೇನಿತ್ತು? ಶಾಖವಿತ್ತು. ಅಷ್ಟೇ. ಸುಗುಣಾಳ ವಿದ್ಯೆಯನ್ನು ಮೈತ್ರೇಯಿಯ ಶಾಖ ಸೋಲಿಸುತ್ತಿತ್ತು.

ಶಾಖಕ್ಕೆ ಅವಳಲ್ಲಿ ಪುರಾವೆಯೂ ಇತ್ತು. ಮೈತ್ರೇಯಿ ಬಾಗಿಲಿಗೆ ಬಂದಾಗಲೆಲ್ಲ ತೆಳ್ಳನೆಯ ಹತ್ತಿ ನೈಟಿ, ಬರಿಗಾಲು. ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡು, ಕಾರಿಡಾರಿನಲ್ಲೇ ನಿಂತು, ನಗುನಗುತ್ತ ಹತ್ತು ನಿಮಿಷ ಮಾತಾಡುತ್ತಿದ್ದಳು. ಜನವರಿಯ ಲಂಡನ್ನಿನಲ್ಲಿ ಬರಿಗಾಲು! ಸುಗುಣಾ ಎರಡು ಜೊತೆ ಕಾಲುಚೀಲ, ಗಂಡನ ಸ್ವೆಟರು, ಅದರ ಮೇಲೆ ಸಾಸಿವೆ ಬಣ್ಣದ ಶಾಲು ಹೊದ್ದು ಎದುರು ನಿಂತಿರುತ್ತಿದ್ದಳು. ಅಲ್ಲಿ ಮೈಗೆ ತಾಗುತ್ತಿದ್ದ ಬಿಸಿ ಆ ಬಾಗಿಲಿನ ಸಂದಿಯಿಂದಲೇ ಬರುತ್ತಿದೆ ಎಂದು ನಂಬಿದ್ದಳು. 'ಒಳಗೆ ಬನ್ನಿ' ಎಂದು ಮೈತ್ರೇಯಿ ಒಮ್ಮೆಯೂ ಕರೆದದ್ದಿಲ್ಲ. ತನ್ನ ಬೆಚ್ಚನೆಯ ಮನೆಗೆ ನನ್ನಂಥವಳ ಕಾಲು ತಾಗಬಾರದು, ಎಂದು ಸುಗುಣಾ ಅದನ್ನೂ ಲೆಕ್ಕಕ್ಕೆ ಹಿಡಿದಳು. ಸುಗುಣಾಳ ಮನೆಯಲ್ಲಿ ಉರಿಯುತ್ತಿದ್ದ ಕಿಚ್ಚು ಅವಳ ಹೊಟ್ಟೆಯದೊಂದೇ. ಅದಕ್ಕೆ ಮೀಟರಿರಲಿಲ್ಲ.

ಅವಳು ಎಲ್ಲ ಉಪಾಯ ಮಾಡಿದಳು. ಓವನಿನ ದೀಪ ಹಚ್ಚಿ ಅದರೊಳಗೆ ಒಂದು ಪಾತ್ರೆ ಇಟ್ಟಳು. ಅಷ್ಟೇ ಜಾಗ ಅಲ್ಲಿ. ಇನ್ನೊಂದಕ್ಕೆ ಕಂಬಳಿ ಸುತ್ತಿದಳು. ಮೂರನೆಯದನ್ನು ಹಾಸಿಗೆಗೆ ತಂದು ರಜಾಯಿಯೊಳಗೆ ಮಲಗಿಸಿದಳು. ಕೆಲಸ ಮುಗಿಸಿ ಬಂದ ಗಣಪಯ್ಯ ರಜಾಯಿ ಎತ್ತಿ ಬೆಚ್ಚಿಬಿದ್ದ.

"ಇದೆಂತ ಮಾರಾಯ್ತಿ! ಹಾಸ್ಗಿ ಮೇಲ್ ಪಾತ್ರಿ ಮನ್ಸಿದ್ಯಲೆ?"

"ಚಳಿ ಅದಕ್ಕೆ. ಉಬ್ಬತ್ತಿಲ್ಲೆ."

"ನಂಗೂ ಚಳಿಯೇ. ನನ್ನ ಹೊದ್ಸುಕ್ ಯಾರ್ ಇಲ್ಲೆ."

"ನಿಮ್ಗೆ ಎಲ್ಲದೂ ತಮಾಷಿ. ಆ ಎದ್ರ್ ಮನ್ಯರದ್ ಕಾಣಿ, ಹ್ಯಾಂಗ್ ಉಬ್ಬತ್ತ್ ಅಂದೇಳಿ. ನಮ್ಗೆಂತಕೆ ಆತ್ತಿಲ್ಲೆ?"

"ಅವ್ರ್ ದುಡ್ಡ್ ಉರಿಸ್ತ್ರ್. ನಾವ್ ಹೊಟ್ಟಿ ಉರ್ಸ್ತ್." ಗಣಪಯ್ಯ ಪಾತ್ರೆಯ ಪಕ್ಕದಲ್ಲಿ ಮೈ ಮುದುಡಿಕೊಂಡ. "ಇನ್ನೊಬ್ಬರ ಮನಿ ಬೆಚ್ಚಗಿದ್ರೆ ನಿಂಗೆ ಎಂತಕೆ ಬೆವರ್?"

ಆ ವಾರ ಅವಳಿಗೆ ಒಂಬತ್ತೇ ಆರ್ಡರು ಬಂದವು.

ಶನಿವಾರ ಬೆಳಿಗ್ಗೆ ಸಾಮಾನು ತಂದವಳು ಭಾರಕ್ಕೆ ಅಂಜದೆ ಮೆಟ್ಟಿಲು ಹತ್ತಿದಳು. ಮೈ ಬಿಸಿಯಾಗಲೆಂದು. ಐದನೆಯ ಮಹಡಿಯ ಬಾಗಿಲು ತಳ್ಳಿದಾಗ ಕಾರಿಡಾರಿನ ಆ ತುದಿಯಲ್ಲಿ ಮೈತ್ರೇಯಿ ಕಂಡಳು. ಕೊಳವೆಗಳ ಬೀರುವಿನ ಮುಂದೆ ಬಗ್ಗಿದ್ದಳು. ಗೋಡೆಯ ಬಣ್ಣವೇ ಬಳಿದ, ಯಾರೂ ಗಮನಿಸದ ಎತ್ತರದ ಬೀರು ಅದು. ಅದರೊಳಗಿಂದ ಅವಳು ಒಂದೊಂದೇ ಪಾತ್ರೆ ಹೊರಗೆ ತೆಗೆದಳು. ಎರಡನ್ನು ಎದೆಗವುಚಿಕೊಂಡು ಮನೆಯೊಳಗೆ ಹೋದಳು.

ಸುಗುಣಾ ಹೋಗಿ ಬೀರು ತೆರೆದಳು. ಚಿಲಕ ಸರಿಯಾಗಿ ಕೂತಿರಲಿಲ್ಲ. ಒಳಗಿನಿಂದ ಬಿಸಿಗಾಳಿ ಮುಖಕ್ಕೆ ಬಡಿಯಿತು, ಹೊಟ್ಟೆಯೊಳಗೆ ಬೆಂಕಿಯಿಟ್ಟ ಬಚ್ಚಲೊಲೆಯ ಬಾಯಿ ತೆಗೆದಂತೆ. ತೋಳಿನಷ್ಟು ದಪ್ಪದ ಕೊಳವೆಗಳು ನೆಲದಿಂದ ಚಾವಣಿಗೆ ಹೋಗಿದ್ದವು. ಅವುಗಳ ಮೈಗೆ ಹೊದಿಸಿದ ಬಟ್ಟೆ ಅರ್ಧ ಬಿಚ್ಚಿತ್ತು. ಕೆಲವು ಕಡೆ ಹೊದಿಸಿಯೇ ಇರಲಿಲ್ಲ. ಬುಡದಲ್ಲಿ ಇನ್ನೂ ಎರಡು ಪಾತ್ರೆ. ಒಂದರ ಮುಚ್ಚಳವನ್ನು ಹಿಟ್ಟು ಎತ್ತಿ ಹಿಡಿದಿತ್ತು. ಅವಳು ಓಡಿಹೋಗಿ ಥರ್ಮಾಮೀಟರು ತಂದಳು. ಮೂವತ್ತಮೂರು. ಇಡ್ಲಿ ಹಿಟ್ಟಿಗೆ ಇದಕ್ಕಿಂತ ಒಳ್ಳೆಯ ಜಾಗ ಉಡುಪಿಯ ಸೆಖೆಗಾಲದಲ್ಲೂ ಸಿಗುವುದಿಲ್ಲ.

ಅವಳಿಗೆ ಖುಷಿಯಾಗಬೇಕಿತ್ತು. ಚಕ್ರದ ಮುರಿದ ಹಲ್ಲು ಸಿಕ್ಕಿತ್ತು. ಆದರೆ ಹೊಟ್ಟೆಕಿಚ್ಚು ಮೊದಲು ಮಾತಾಡಿತು. ಎರಡು ತಿಂಗಳು! ಎರಡು ತಿಂಗಳು ಎದುರು ನಿಂತು ನಕ್ಕಳು. ನನ್ನ ಮನೆಗಳನ್ನು ಒಂದೊಂದಾಗಿ ಕಿತ್ತುಕೊಂಡಳು. ಒಂದು ಮಾತು ಹೇಳಲಿಲ್ಲ. ಮನೆಯಲ್ಲಿ ಶಾಖ ಇಟ್ಟುಕೊಂಡವಳಿಗೆ ಈ ಶಾಖವೂ ಬೇಕಾಯಿತೆ?

ಕೈ ತಾನಾಗಿ ಫೋನು ತೆಗೆಯಿತು. ಫೋಟೋ ಹಿಡಿಯಿತು. ಕಟ್ಟಡದ ಆಡಳಿತದವರ ಆ್ಯಪಿನಲ್ಲಿ ದೂರಿನ ಪುಟ ತೆರೆಯಿತು. 'ಕೊಳವೆಯ ಬೀರುವಿನಲ್ಲಿ ಪಾತ್ರೆ ಇಡುತ್ತಿದ್ದಾರೆ. ಬೆಂಕಿಯ ಅಪಾಯ.' ಕೆಳಗೆ ಒಂದು ಚೌಕ: 'ನನ್ನ ಹೆಸರು ತಿಳಿಸಬೇಡಿ.' ಸುಗುಣಾ ಅದಕ್ಕೆ ಗುರುತು ಹಾಕಿ ಕಳಿಸಿದಳು.

ಬುಧವಾರ ಐದನೆಯ ಮಹಡಿಯ ಹನ್ನೆರಡು ಮನೆಗಳ ಬಾಗಿಲಡಿ ಕಾಗದ ಬಂತು. ಜೊತೆಗೆ ಆ ಫೋಟೋ. ಸೋಮವಾರದ ತಪಾಸಣೆಯಲ್ಲಿ ಸಿಕ್ಕ ಪಾತ್ರೆಗಳನ್ನು ತೆಗೆಸಲಾಗಿದೆ. ಬೀರುಗಳಿಗೆ ಹೊಸ ಬೀಗ ಹಾಕಿಸಲಾಗುವುದು. ತಪಾಸಣೆ, ಸ್ವಚ್ಛತೆ, ಬೀಗ ಸೇರಿ ಒಂಬೈನೂರು ಪೌಂಡು. ಇದನ್ನು ಮಹಡಿಯ ಎಲ್ಲ ಮನೆಗಳಿಗೂ ಹಂಚಲಾಗುವುದು. ಪಾತ್ರೆ ಯಾರದೆಂದು ತಿಳಿದರೆ ಮಾತ್ರ ಪೂರ್ತಿ ಮೊತ್ತ ಅವರೊಬ್ಬರ ಮೇಲೆ. ತಿಳಿದವರು ದಯವಿಟ್ಟು ಮುಂದೆ ಬರಬೇಕು.

ಸುಗುಣಾ ಎರಡು ಸಲ ಓದಿದಳು. ಎಪ್ಪತ್ತೈದು ಪೌಂಡಿನ ಬೆಲೆಗೆ ಪಕ್ಕದವರ ಹೆಸರು ಕೇಳುತ್ತಿದ್ದಾರೆ ಎಂಬುದು ಅವಳಿಗೆ ಅರ್ಥವಾಯಿತು. ಆದರೆ ಆ ದಿನ ಅದು ಮನಸ್ಸಿಗೆ ಇಳಿಯಲಿಲ್ಲ. ಆ ದಿನ ಅವಳಿಗೆ ನೋಡಬೇಕಾಗಿದ್ದದ್ದು ಒಂದೇ, ಮೈತ್ರೇಯಿಯ ಮುಖ.

ಹೋಗಿ ಬಾಗಿಲು ತಟ್ಟಿದಳು.

ಮೈತ್ರೇಯಿ ಎಂದಿನಂತೆ ಸಂದಿಯಿಂದ ತೂರಿ ಹೊರಬಂದಳು. ಅದೇ ನೈಟಿ, ಬರಿಗಾಲು. ಮುಖ ಮಾತ್ರ ಬಾಡಿತ್ತು.

"ಒಂದು ಹಿಡಿ ಮೆಂತ್ಯ ಉಂಟಾ ಮೈತ್ರೇಯಿ? ನಮ್ಮಲ್ಲಿ ಮುಗೀತು."

"ಮೆಂತ್ಯಾನಾ? ಇದೆ, ಇರಿ."

ಒಳಗೆ ಹೋಗಲು ಅವಳು ಬಾಗಿಲು ತೆರೆಯಲೇಬೇಕಾಯಿತು. ಆಗ ಸುಗುಣಾಳ ಕಣಕಾಲಿಗೆ ಏನೋ ತಾಗಿತು. ನೀರು ಹರಿದ ಹಾಗೆ. ನೋಡಿದಳು, ನೀರಲ್ಲ. ಚಳಿ. ಆ ಮನೆಯೊಳಗಿಂದ ಚಳಿ ಕಾರಿಡಾರಿಗೆ ಹರಿದು ಬರುತ್ತಿತ್ತು.

ಸುಗುಣಾ ಕರೆಯದೆ ಒಳಗೆ ಹೆಜ್ಜೆಯಿಟ್ಟಳು. ಬಾಗಿಲ ಪಕ್ಕದ ಪರದೆಯಲ್ಲಿ ಕೆಂಪು ಸೊನ್ನೆ. ಬಾಗಿಲ ಮೊಳೆಗೆ ಎರಡು ದಪ್ಪ ಕೋಟು, ಮನೆಯೊಳಗೆ ಹಾಕಿಕೊಳ್ಳುವ ಉಣ್ಣೆ ಟೋಪಿ. ಸೋಫಾದ ಮೇಲೆ ಎರಡು ರಜಾಯಿ. ಕಿಟಕಿಯ ಮೂಲೆಯಲ್ಲಿ ಕಪ್ಪು ಬೂಸ್ಟು. ಅಡುಗೆಮನೆಯಿಂದ ಮೆಂತ್ಯದ ಡಬ್ಬಿ ಹಿಡಿದು ಬಂದ ಮೈತ್ರೇಯಿ ಅಲ್ಲಿಯೇ ನಿಂತಳು. ಅವಳ ಉಸಿರು ತೆಳ್ಳಗೆ ಹೊಗೆಯಾಗಿ ಕಂಡಿತು.

"ಇದಕ್ಕೇ ಒಳಗೆ ಕರೀತಿರಲಿಲ್ಲ ಸುಗುಣಾ ಅವರೆ."

"ಯಾವಾಗಿಂದ?"

"ಇವರ ಪ್ರಾಜೆಕ್ಟ್ ಅಕ್ಟೋಬರಲ್ಲಿ ಮುಗೀತು. ಇನ್ನೊಂದು ಸಿಕ್ಕಿಲ್ಲ. ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಲೈಬ್ರರಿಗೆ ಹೋಗ್ತಾರೆ. ಅಲ್ಲಿ ಬೆಚ್ಚಗಿರುತ್ತೆ, ಅರ್ಜಿ ಹಾಕ್ತಾ ಕೂರ್ತಾರೆ."

"ಮತ್ತೆ ಈ ನೈಟಿ? ಬರಿಗಾಲು?"

ಮೈತ್ರೇಯಿ ಬೇಸರದಲ್ಲೂ ನಕ್ಕಳು. "ಬಾಗಿಲು ತಟ್ಟಿದ ತಕ್ಷಣ ಕೋಟು ಟೋಪಿ ಬಿಚ್ಚಿಟ್ಟು ಹೊರಗೆ ಬರೋದು. ಕಾರಿಡಾರಲ್ಲಿ ಸೆಖೆ ಅಲ್ವಾ? ಅಷ್ಟು ಹೊತ್ತು ಕಾಲು ಬೆಚ್ಚಗಾಗಲಿ ಅಂತಲೇ ನಿಮ್ಮ ಹತ್ತಿರ ಮಾತು ಬೆಳೆಸ್ತಿದ್ದೆ."

ಎರಡು ತಿಂಗಳು ಸುಗುಣಾ ಈ ಬಾಗಿಲಿನ ಮುಂದೆ ನಿಂತಿದ್ದಳು. ಬೆಚ್ಚಗಿದ್ದದ್ದು ಬಾಗಿಲಿನ ಯಾವ ಕಡೆ ಎಂದು ನೋಡಿರಲಿಲ್ಲ. ಎಲ್ಲವನ್ನೂ ಅಳೆಯುವವಳು ಕಾರಿಡಾರನ್ನು ಅಳೆದಿರಲಿಲ್ಲ.

"ನಿಜ ಹೇಳ್ತೀನಿ, ನಿಮ್ಮನ್ನ ನೋಡಿ ನನಗೆ ಹೊಟ್ಟೆ ಉರೀತಿತ್ತು," ಎಂದಳು ಮೈತ್ರೇಯಿ. "ನಿಮ್ಮವರು ದಿನಾ ಕಾವಲಿ ಮುಂದೆ ಬೆಚ್ಚಗಿರ್ತಾರೆ, ತಿಂಗಳ ಕೊನೆಗೆ ಸಂಬಳ ತಪ್ಪಲ್ಲ. ಬೇಡ ಅನ್ನಿಸಿದ್ರೆ ಬಾಡಿಗೆ ಮನೆ ಬಿಟ್ಟು ಹೋಗಬಹುದು. ನಾವು ಇದನ್ನ ಕೊಂಡ್ಕೊಂಡಿದ್ದೀವಿ. ಈ ಹೀಟಿಂಗ್ ಬಿಲ್ ನೋಡಿದವರು ಇನ್ನೊಬ್ಬರು ಕೊಂಡ್ಕೊಳಲ್ಲ. ಬೀರು ವಿಷಯ ನಿಮಗೆ ಹೇಳೋಣ ಅಂತ ಎಷ್ಟು ಸಲ ಬಾಯಿಗೆ ಬಂತು. ಹೇಳಿದ್ರೆ ನಿಮ್ಮ ಹಿಟ್ಟೂ ಉಬ್ಬುತ್ತೆ. ನಿಮ್ಮ ಕೈರುಚಿ ಮುಂದೆ ನನ್ನದನ್ನ ಯಾರು ಕೇಳ್ತಾರೆ?"

ಸುಗುಣಾ ಮೆಂತ್ಯ ತೆಗೆದುಕೊಂಡು ಬಂದಳು. ಫೋಟೋ ಕಳಿಸಿದ್ದು ತಾನೆಂದು ಹೇಳಲಿಲ್ಲ. ಆ ಸಂಜೆ ಅವಳು ಕಾರಿಡಾರಿನಲ್ಲಿ ನಿಂತು ಥರ್ಮಾಮೀಟರು ಹಿಡಿದಳು. ಇಪ್ಪತ್ತೆಂಟೂವರೆ. ಮನೆಯೊಳಗೆ ಹದಿಮೂರೂವರೆ. ನಡುವೆ ಒಂದು ಬಾಗಿಲು. ಆಮೇಲೆ ಹಳೆಯ ಬಿಲ್ಲುಗಳನ್ನು ತೆರೆದು, ಯಾರೂ ಓದದ ಸಣ್ಣ ಅಕ್ಷರದ ಪುಟವನ್ನು ಓದಿದಳು. ದರದಲ್ಲಿ 'ವಿತರಣೆಯ ನಷ್ಟ' ಸೇರಿದೆ ಎಂದಿತ್ತು. ಸೇರಿದೆ ಎಂದರೆ? ದಾರಿಯಲ್ಲಿ ಸೋರಿದ ಶಾಖದ ಬೆಲೆಯನ್ನೂ ತಲುಪಿದ ಶಾಖದ ಮೇಲೆ ಹಾಕುವುದು. ಮನೆಗಳವರು ಕಡಿಮೆ ಶಾಖ ಬಳಸಿದಷ್ಟೂ ಸೋರಿದ್ದರ ಪಾಲು ಒಂದೊಂದು ಯೂನಿಟ್ಟಿನ ಮೇಲೆ ಹೆಚ್ಚು ಬೀಳುತ್ತದೆ. ದರ ಏರುತ್ತದೆ. ಏರಿದ ದರಕ್ಕೆ ಅಂಜಿ ಜನ ಇನ್ನೂ ಕಡಿಮೆ ಬಳಸುತ್ತಾರೆ. ಹನ್ನೊಂದು ಮಹಡಿಯ ಜನ ರಜಾಯಿ ಹೊದ್ದು ಕೂತಿದ್ದರು. ಯಾರೂ ವಾಸವಿಲ್ಲದ ಕಾರಿಡಾರು ಮಾತ್ರ ಎಲ್ಲರ ದುಡ್ಡಿನಲ್ಲಿ ಸುಖವಾಗಿತ್ತು. ಹೊಟ್ಟೆಕಿಚ್ಚು ಪಡಬೇಕಾಗಿದ್ದರೆ ಅದರ ಮೇಲೆ ಪಡಬೇಕಿತ್ತು.

ಮುಂದಿನ ಶನಿವಾರ ಬೆಳಿಗ್ಗೆ ಬೀಗ ಹಾಕುವವನನ್ನು ಕರೆದುಕೊಂಡು ಕಟ್ಟಡದ ಮ್ಯಾನೇಜರು ಆಡಮ್ ಬಂದ. ಡ್ರಿಲ್ಲಿನ ಸದ್ದಿಗೆ ಬಾಗಿಲುಗಳು ತೆರೆದವು. ಅಂಕಿತಾ ಬಂದಳು. ಆಸ್ಪತ್ರೆಯ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ ಘಾನಾದ ನರ್ಸು ಮಿಸೆಸ್ ಒಸೈ, ಇನ್ನೂ ಬ್ಯಾಡ್ಜು ತೆಗೆಯದೆ ಬಂದಳು. ಮೈತ್ರೇಯಿ ತನ್ನ ಬಾಗಿಲಲ್ಲಿ ನಿಂತಳು. ಹೋಟೆಲಿಗೆ ಹೊರಟಿದ್ದ ಗಣಪಯ್ಯ ಷೂ ಕಟ್ಟುತ್ತ ಅಲ್ಲೇ ಉಳಿದ.

ಆಡಮ್ ಇಪ್ಪತ್ತೈದರ ಹುಡುಗ. ಕೈಯಲ್ಲಿ ಮೈತ್ರೇಯಿಯ ಸ್ಟೀಲ್ ಪಾತ್ರೆ, ಕಂಕುಳಲ್ಲಿ ಫಾರಂ. ಹಣೆಯಲ್ಲಿ ಬೆವರು.

"ಇದರ ಮೇಲೆ ಏನೋ ಕೆತ್ತಿದೆ," ಎಂದ. "ನಮ್ಮ ಆಫೀಸಿನಲ್ಲಿ ಯಾರಿಗೂ ಈ ಲಿಪಿ ಬರುವುದಿಲ್ಲ. ಇಲ್ಲಿ ಯಾರಾದರೂ ಓದಬಲ್ಲಿರಾ? ಹೆಸರಾಗಿದ್ದರೆ ಸುಲಭ. ಉಳಿದವರು ಯಾರೂ ಎಪ್ಪತ್ತೈದು ಪೌಂಡು ಕೊಡಬೇಕಾಗಿಲ್ಲ."

ಪಾತ್ರೆಯ ಕಂಠದಲ್ಲಿ ಚುಕ್ಕಿ ಚುಕ್ಕಿ ಅಕ್ಷರ. ನಮ್ಮ ಕಡೆ ಪಾತ್ರೆ ಅಂಗಡಿಯವನು ಗುರ್ರೆಂದು ಕೆತ್ತಿಕೊಡುವಂಥದು. 'ಮೈತ್ರೇಯಿ ಶಿವಪ್ರಕಾಶ, ಗೃಹಪ್ರವೇಶದ ನೆನಪಿಗೆ.' ಅಂಕಿತಾ ಅದನ್ನು ಓದಿ ಕಾರ್ಪೆಟ್ಟು ನೋಡತೊಡಗಿದಳು. ಗಣಪಯ್ಯ ಓದಿ ಹೆಂಡತಿಯ ಮುಖ ನೋಡಿದ. ಮೈತ್ರೇಯಿಯ ಕೈ ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು.

ಸುಗುಣಾ ಪಾತ್ರೆ ತೆಗೆದುಕೊಂಡಳು. "ನಾನು ಓದ್ತೇನೆ. ಒಳಗೆ ಬನ್ನಿ, ಇಲ್ಲಿ ನಿಮಗೆ ಸೆಖೆ."

ಆಡಮ್ ಅವಳ ಮನೆಯೊಳಗೆ ಬಂದ. ಎರಡೇ ನಿಮಿಷ. ಜಾಕೆಟ್ಟಿನ ಗುಂಡಿ ಹಾಕಿಕೊಂಡ. ಸುಗುಣಾ ಅವನ ಕೈಗೆ ಥರ್ಮಾಮೀಟರು ಕೊಟ್ಟಳು.

"ಎಷ್ಟಿದೆ?"

"ಹದಿಮೂರು... ಹದಿಮೂರೂವರೆ."

"ಈಗ ಹೊರಗೆ ನಡೀರಿ."

ಕಾರಿಡಾರಿನಲ್ಲಿ ಎಲ್ಲರೂ ಅವನ ಕೈ ನೋಡುತ್ತ ನಿಂತರು. ಕೆಂಪು ಗೆರೆ ಏರಿತು. ಇಪ್ಪತ್ತು. ಇಪ್ಪತ್ತನಾಲ್ಕು. ಇಪ್ಪತ್ತೆಂಟು ದಾಟಿ ನಿಂತಿತು. ಆಡಮ್ ಮತ್ತೆ ಗುಂಡಿ ಬಿಚ್ಚಿದ.

"ಇದು ಯಾರ ಶಾಖ?" ಸುಗುಣಾ ಕೇಳಿದಳು.

"ಇದು... ವಿತರಣೆಯ ನಷ್ಟ. ಇಂಥ ಎಲ್ಲ ಕಟ್ಟಡಗಳಲ್ಲೂ ಸ್ವಲ್ಪ ಇರುತ್ತದೆ."

"ನಷ್ಟ ಯಾರಿಗೆ? ಕಂಪನಿಗಾ?"

"ಇಲ್ಲ. ಅದು ದರದಲ್ಲಿ ಸೇರಿರುತ್ತದೆ."

ಮಿಸೆಸ್ ಒಸೈ ಮುಂದೆ ಬಂದಳು. "ತಾಳಪ್ಪ. ನಾನು ನನ್ನ ಮನೆಯಲ್ಲಿ ಕೋಟು ಹಾಕಿಕೊಂಡು ಮಲಗುತ್ತೇನೆ. ಮತ್ತೆ ಈ ಕಾರ್ಪೆಟ್ಟನ್ನು ಬೆಚ್ಚಗಿಡಲು ದುಡ್ಡು ಕೊಡುತ್ತೇನೆ. ಹಾಗಲ್ಲವೆ?"

ಆಡಮ್ ಫಾರಂ ಬಿಚ್ಚಿದ. "ನನ್ನ ಕೆಲಸ ಪಾತ್ರೆಯ ಬಗ್ಗೆ ಮಾತ್ರ. ದಯವಿಟ್ಟು ಹೆಸರು ಹೇಳಿ."

ಸುಗುಣಾ ಪಾತ್ರೆಯನ್ನು ತಿರುಗಿಸಿ ನೋಡಿದಳು. "ಇದರ ಮೇಲೆ ಸುಗುಣಾ ಎಂದು ಇದೆ. ನಾನೇ."

"ಸುಗುಣಾ ಅವರೆ!" ಮೈತ್ರೇಯಿ ಕನ್ನಡದಲ್ಲಿ ಕೂಗಿದಳು.

"ಸುಮ್ನಿರಿ ಮಾರಾಯ್ರೆ. ಆ ಫೋಟೋ ತೆಗೆದು ಕಳಿಸಿದ್ದು ನಾನು. ನಿಮ್ಮ ಮನೆ ಬೆಚ್ಚಗುಂಟು ಅಂತ ಹೊಟ್ಟೆಕಿಚ್ಚು. ಆ ಒಂಬೈನೂರು ನನ್ನ ತಲೆಗೇ ಬರಲಿ."

"ಗೊತ್ತು," ಎಂದಳು ಮೈತ್ರೇಯಿ.

"ಏನು ಗೊತ್ತು?"

"ಕಾಗದದ ಜೊತೆ ಬಂದ ಫೋಟೋ ಸರಿಯಾಗಿ ನೋಡಿ. ಪಾತ್ರೆ ಹೊಟ್ಟೆ ಮೇಲೆ, ಕನ್ನಡಿಲಿ ಕಂಡ ಹಾಗೆ, ಸಾಸಿವೆ ಬಣ್ಣದ ಶಾಲು ಕಾಣ್ತಿದೆ. ಈ ಬಿಲ್ಡಿಂಗಲ್ಲಿ ಅಂಥ ಶಾಲು ಇನ್ನ್ಯಾರು ಹೊದೀತಾರೆ? ನೀವು ಮೆಂತ್ಯ ಕೇಳೋಕೆ ಬಂದ ದಿನವೇ ಗೊತ್ತಿತ್ತು."

ಸುಗುಣಾಳ ಮುಖ ಕೆಂಪಾಯಿತು. "ಗೊತ್ತಿದ್ದೂ ಮೆಂತ್ಯ ಕೊಟ್ರಾ?"

"ಕೊಟ್ಟೆ. ಹಳೇ ಮೆಂತ್ಯ ಕೊಟ್ಟೆ."

ಗಣಪಯ್ಯ ಬಾಯಿಗೆ ಕೈ ಅಡ್ಡ ಹಿಡಿದ.

ಆಡಮ್ ಇಬ್ಬರನ್ನೂ ನೋಡಿದ. "ಆಕೆ ಏನು ಹೇಳುತ್ತಿದ್ದಾರೆ?"

ಕನ್ನಡದ ಒಂದು ಅಕ್ಷರ ಬಾರದ ಮಿಸೆಸ್ ಒಸೈ ಎದೆಯ ಮೇಲೆ ಕೈಕಟ್ಟಿ ಹೇಳಿದಳು: "ಪಾತ್ರೆ ತನ್ನದೂ ಹೌದು ಎನ್ನುತ್ತಿದ್ದಾಳೆ. ನನ್ನದೂ ಹೌದು. ಬರೆದುಕೋ, ಒ, ಎಸ್, ಇ, ಐ."

"ನಂದೂ," ಎಂದಳು ಅಂಕಿತಾ, ಕಾರ್ಪೆಟ್ಟಿನಿಂದ ಕಣ್ಣೆತ್ತಿ. ಲಿಫ್ಟಿನ ಪಕ್ಕದ ಮನೆಯ ಬಸ್ ಡ್ರೈವರು, ಅದುವರೆಗೆ ಯಾರೊಂದಿಗೂ ಮಾತಾಡದ ರೊಮೇನಿಯಾದವನು, ಬೆರಳೆತ್ತಿದ. ಗಣಪಯ್ಯ ಷೂ ಬಿಗಿದು ಎದ್ದು ನಿಂತ. "ಒಂದಿಷ್ಟ್ ಜಾಗ ಬಿಡುಕ್ ಹೇಳೇ ಅವ್ನಿಗೆ. ನನ್ನ ಹೆಸ್ರ್ ಉದ್ದ ಇತ್ತ್."

ಫಾರಮಿನಲ್ಲಿ ಹೆಸರಿಗೆ ಒಂದೇ ಗೆರೆ ಇತ್ತು. ಆಡಮ್ ಪೆನ್ನು ಹಿಡಿದು ಆ ಗೆರೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಆಫೀಸಿನಲ್ಲಿ ಕೇಳಿ ಬರುತ್ತೇನೆಂದು ಲಿಫ್ಟಿನ ಕಡೆ ನಡೆದ. ಪಾತ್ರೆ ಮರೆತು ಹೋದ. ಬೀಗ ಹಾಕುವವನು ಮಾತ್ರ ಉಳಿದು ತನ್ನ ಕೆಲಸ ಮುಗಿಸಿದ. ಬೀರುವಿಗೆ ಹೊಸ ಬೀಗ ಬಿತ್ತು.

ಆದರೆ ಕಾರಿಡಾರಿಗೆ ಬೀಗ ಹಾಕಲು ಅವನಿಂದ ಆಗುವಂತಿರಲಿಲ್ಲ. ಸುಗುಣಾ ಒಳಗೆ ಹೋಗಿ ಕುರ್ಚಿ ತಂದಳು. ದಾರಿ ತಡೆದರು ಎಂಬ ಮಾತು ಬಾರದ ಹಾಗೆ ಗೋಡೆಗೆ ಒತ್ತಿ ಹಾಕಿ, ಹಿಟ್ಟಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಎದುರಿಗೆ ಮೈತ್ರೇಯಿ ಕೂತಳು, ತನ್ನ ಪಾತ್ರೆ ಹಿಡಿದು. ಮಿಸೆಸ್ ಒಸೈ ಬರಿಗೈಯಲ್ಲಿ ಬಂದು, ಕಾಲು ಚಾಚಿ, ಅಲ್ಲೇ ನಿದ್ದೆ ಹೋದಳು. ಸೃಷ್ಟಿ ಲೈಬ್ರರಿಗೆ ಹೋಗದೆ ಕಾರ್ಪೆಟ್ಟಿನ ಮೇಲೆ ಪುಸ್ತಕ ಹರಡಿದಳು.

ಮಧ್ಯಾಹ್ನ ದಾಟುವ ಹೊತ್ತಿಗೆ ಎರಡೂ ಹಿಟ್ಟು ಏರತೊಡಗಿದವು. ಮೈತ್ರೇಯಿಯದು ಒಂದು ಬೆರಳು ಹೆಚ್ಚು ಏರಿತ್ತು. ಸುಗುಣಾಳ ಹೊಟ್ಟೆಯಲ್ಲಿ ಚುಳ್ ಎಂದಿತು.

"ಉದ್ದು ಎಷ್ಟು ಹಾಕ್ತೀರಿ?" ಎಂದು ಕೇಳಿಯೇಬಿಟ್ಟಳು.

"ಹೇಳಲ್ಲ. ಮೊದಲು ಕಂಪನಿಗೆ ಒಂದು ಕಂಪ್ಲೇಂಟ್ ಬರೀರಿ. ಆ ವಿದ್ಯೆ ನಿಮಗೆ ನಮಗಿಂತ ಚೆನ್ನಾಗಿ ಬರುತ್ತೆ."

ಸುಗುಣಾ ಫೋನು ತೆಗೆದಳು. ಅದೇ ಆ್ಯಪು, ಅದೇ ಪುಟ. ಬರೆದಳು: 'ಐದನೆಯ ಮಹಡಿ. ಮನೆಗಳ ಒಳಗೆ ಹದಿಮೂರೂವರೆ. ಕಾರಿಡಾರಿನಲ್ಲಿ ಇಪ್ಪತ್ತೆಂಟೂವರೆ. ಕೊಳವೆಗಳಿಗೆ ಹೊದಿಕೆಯಿಲ್ಲ. ಸೋರಿದ ಶಾಖದ ಹಣವನ್ನು ನಾವು ಇನ್ನು ಕೊಡುವುದಿಲ್ಲ.' ಕೆಳಗೆ ಹೆಸರುಗಳನ್ನು ಒಂದೊಂದಾಗಿ ಕೇಳಿ ಕೇಳಿ ಹಾಕಿದಳು. ಹನ್ನೆರಡು ಮನೆಗಳಲ್ಲಿ ಒಂಬತ್ತು ಮನೆಯವರು ಕೊಟ್ಟರು.

ಕೊನೆಗೆ ಆ ಚೌಕ ಬಂತು. 'ನನ್ನ ಹೆಸರು ತಿಳಿಸಬೇಡಿ.'

ಸುಗುಣಾ ಅದನ್ನು ಖಾಲಿ ಬಿಟ್ಟು ಕಳಿಸಿದಳು.